ಕಪ್ಪು ಪರದೆಯಲ್ಲಿ ಲೈಸೆನ್ಸಿನ ಲೆಕ್ಕ

ಕಂಪ್ಯೂಟರಿನಲ್ಲಿರುವ ಪ್ರತಿಯೊಂದು ಸಾಫ್ಟ್‌ವೇರಿಗೂ ಲೈಸೆನ್ಸ್ ಇರುತ್ತದೆ. ದುಡ್ಡು ಕೊಟ್ಟು ಕೊಂಡದ್ದಕ್ಕೂ ಇರುತ್ತದೆ, ಪುಕ್ಕಟೆಯಾಗಿ ಇಳಿಸಿಕೊಂಡದ್ದಕ್ಕೂ ಇರುತ್ತದೆ. ಕೊಂಡವರ ಕೈಗೆ ಬರುವುದು ಸಾಫ್ಟ್‌ವೇರಿನ ಒಡೆತನವಲ್ಲ; ಇಷ್ಟು ಯಂತ್ರಗಳಲ್ಲಿ, ಇಷ್ಟು ಕಾಲ, ಇಂಥ ಷರತ್ತುಗಳ ಮೇಲೆ ಬಳಸಬಹುದು ಎಂಬ ಅನುಮತಿ ಮಾತ್ರ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಇಟ್ಟಿದೆ. ಎಪಿಎಂಸಿ ವರ್ತಕರ ಲೈಸೆನ್ಸಾದರೆ ಕಟ್ಟು ಹಾಕಿಸಿಕೊಂಡು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಸಾಫ್ಟ್‌ವೇರಿನ ಲೈಸೆನ್ಸ್ ಯಂತ್ರದೊಳಗೆ ದಾಖಲಾಗಿರುತ್ತದೆ, ಕೇಳಿದರೆ ಮಾತ್ರ ಹೊರಬರುತ್ತದೆ. ಹಾಗೆ ಕೇಳಲು ಎಲ್ಲಕ್ಕಿಂತ ನೇರವಾದ ಜಾಗ ಕಮಾಂಡ್ ಲೈನ್, ಅಂದರೆ ಅಕ್ಷರಗಳನ್ನು ಟೈಪ್ ಮಾಡಿ ಎಂಟರ್ ಒತ್ತುವ ಆ ಕಪ್ಪು ಪರದೆ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಈ ವಿಷಯ ದಿನನಿತ್ಯದ್ದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಊರುಗಳ ಕಚೇರಿಗಳ ಆಸುಪಾಸಿನಲ್ಲಿ ಆನ್‌ಲೈನ್ ಸೆಂಟರುಗಳು, ಝೆರಾಕ್ಸ್ ಅಂಗಡಿಗಳು, ಮದುವೆ ಕಾರ್ಡು ಮತ್ತು ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಗಂಗಾವತಿಯಲ್ಲಿ ರೈಸ್ ಮಿಲ್ಲುಗಳು ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲೇ ಇಡುತ್ತವೆ. ಇಂಥ ಕಡೆ ಯಂತ್ರ ಹೊಸದೇ ಆಗಿರಬೇಕೆಂದಿಲ್ಲ. ಬಿಡಿಭಾಗ ಜೋಡಿಸಿದ್ದೋ, ಸೆಕೆಂಡ್ ಹ್ಯಾಂಡೋ, ದೊಡ್ಡ ಊರಿನ ಕಚೇರಿಯೊಂದು ಬದಲಿಸಿ ಕೊಟ್ಟದ್ದೋ ಇರುತ್ತದೆ. ವಿಂಡೋಸ್ ಹಾಕಿಕೊಟ್ಟ ಹುಡುಗ ಊರು ಬಿಟ್ಟಿರುತ್ತಾನೆ. ಒಳಗಿರುವುದು ಅಸಲಿಯೋ ನಕಲಿಯೋ, ಎಂದಿನವರೆಗೆ ನಡೆಯುತ್ತದೆ ಎಂಬುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಮಾಲೀಕರಿಗೆ ಗೊತ್ತಿಲ್ಲದಿದ್ದರೂ ಯಂತ್ರಕ್ಕೆ ಬಹುಮಟ್ಟಿಗೆ ಗೊತ್ತಿರುತ್ತದೆ.

ವಿಂಡೋಸಿನಲ್ಲಿ ಕೇಳುವ ಸಾಧನದ ಹೆಸರು ಎಸ್‌ಎಲ್‌ಎಂಜಿಆರ್. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಹುಡುಕಿ, ಮೌಸಿನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಅಲ್ಲಿ ಎಸ್‌ಎಲ್‌ಎಂಜಿಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆಯ ಜೊತೆ ಮೂರಕ್ಷರದ ಸೂಚನೆ ಕೊಟ್ಟರೆ ಉತ್ತರ ಬರುತ್ತದೆ. /ಎಕ್ಸ್‌ಪಿಆರ್ ಎಂದರೆ ಆಕ್ಟಿವೇಷನ್ ಶಾಶ್ವತವೋ, ಅಲ್ಲವಾದರೆ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಹೇಳುತ್ತದೆ. /ಡಿಎಲ್‌ಐ ಎಂದರೆ ವಿಂಡೋಸ್ ಆವೃತ್ತಿಯ ಹೆಸರು, ಲೈಸೆನ್ಸ್ ಬಂದ ಮಾರ್ಗ, ಲೈಸೆನ್ಸಿನ ಗುರುತಾದ ಕೀಯ ಕೊನೆಯ ಐದು ಅಕ್ಷರ, ಸದ್ಯದ ಸ್ಥಿತಿ. /ಡಿಎಲ್‌ವಿ ಎಂದರೆ ಇವೆಲ್ಲವೂ ಇನ್ನಷ್ಟು ವಿವರವಾಗಿ. ಇಪ್ಪತ್ತೈದು ಅಕ್ಷರಗಳ ಪೂರ್ತಿ ಕೀಯನ್ನು ಇದು ತೋರಿಸುವುದಿಲ್ಲ. ಬಿಲ್ಲಿನ ಜೊತೆ ಬಂದ ಕಾಗದದ ಕೀಗೂ ಯಂತ್ರದ ಕೀಗೂ ತಾಳೆ ನೋಡಲು ಕೊನೆಯ ಐದು ಅಕ್ಷರ ಸಾಕು.

ಹೀಗೆ ನೇರವಾಗಿ ಕೊಟ್ಟ ಕಮಾಂಡಿನ ಉತ್ತರ ಸಣ್ಣದೊಂದು ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಮಾಯ. ಅದರ ಮುಂದೆ ಸಿಸ್ಕ್ರಿಪ್ಟ್ ಎಂಬ ಪದ ಸೇರಿಸಿ, ಎಸ್‌ಎಲ್‌ಎಂಜಿಆರ್ ಕಡತ ಇರುವ ಸಿಸ್ಟಮ್32 ಫೋಲ್ಡರಿನ ಪೂರ್ತಿ ದಾರಿಯನ್ನು ಕೊಟ್ಟರೆ ಉತ್ತರ ಕಪ್ಪು ಪರದೆಯಲ್ಲೇ ಮೂಡುತ್ತದೆ. ಕೊನೆಗೆ ‘ಹೆಚ್ಚು’ ಚಿಹ್ನೆ (>) ಹಾಕಿ ಕಡತದ ಹೆಸರೊಂದನ್ನು ಬರೆದರೆ ಉತ್ತರವೆಲ್ಲ ಆ ಕಡತದಲ್ಲಿ ಉಳಿಯುತ್ತದೆ. ಕಮಾಂಡ್ ಲೈನಿನ ನಿಜವಾದ ಉಪಯೋಗ ಇಲ್ಲಿದೆ. ಸೆಟ್ಟಿಂಗ್ಸ್ ಪುಟದ ಹಸಿರು ಗುರುತು ನೋಡಿ ಮರೆಯುವಂಥದ್ದು. ಕಡತ ತಾರೀಖಿನೊಂದಿಗೆ ನಿಲ್ಲುವ ದಾಖಲೆ. ಶಾಲೆಯ ಲ್ಯಾಬಿನಲ್ಲಿ ಯಂತ್ರಗಳು ನೆಟ್‌ವರ್ಕಿನಿಂದ ಜೋಡಣೆಗೊಂಡಿದ್ದು, ದೂರದ ಆಡಳಿತಕ್ಕೆ ಫೈರ್‌ವಾಲ್ ಅನುಮತಿ ಕೊಟ್ಟಿದ್ದರೆ, ಇದೇ ಕಮಾಂಡಿಗೆ ಯಂತ್ರದ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಸೇರಿಸಿ ಒಂದೇ ಕುರ್ಚಿಯಲ್ಲಿ ಕೂತು ಉಳಿದೆಲ್ಲ ಯಂತ್ರಗಳನ್ನೂ ವಿಚಾರಿಸಬಹುದು.

ಉತ್ತರದಲ್ಲಿ ಮೊದಲು ನೋಡಬೇಕಾದದ್ದು ಮಾರ್ಗ. ಒಇಎಂ ಎಂದಿದ್ದರೆ ಆ ಲೈಸೆನ್ಸ್ ಯಂತ್ರ ತಯಾರಿಸಿದ ಕಂಪನಿಯಿಂದಲೇ ಬಂದದ್ದು, ಆ ಯಂತ್ರಕ್ಕೇ ಅಂಟಿದ್ದು, ಬೇರೆಡೆಗೆ ಒಯ್ಯಲು ಬರುವುದಿಲ್ಲ. ರಿಟೇಲ್ ಎಂದಿದ್ದರೆ ಬಿಡಿಯಾಗಿ ಕೊಂಡದ್ದು. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ವಾಲ್ಯೂಮ್ ಎಂದಿದ್ದರೆ ಸಂಸ್ಥೆಯೊಂದು ಒಟ್ಟಾಗಿ ಕೊಂಡದ್ದು. ಅದರಲ್ಲಿ ಎರಡು ಬಗೆ. ಎಂಎಕೆ ಎಂಬ ಕೀ ನಿಗದಿತ ಸಲ ಮಾತ್ರ ಆಕ್ಟಿವೇಟ್ ಆಗುತ್ತದೆ, ಒಮ್ಮೆ ಆದದ್ದು ಶಾಶ್ವತ. ಕೆಎಂಎಸ್ ಎಂಬ ಬಗೆಯಲ್ಲಿ ಸಂಸ್ಥೆಯ ಒಳಗೇ ಒಂದು ಸರ್ವರ್ ಇರುತ್ತದೆ. ಉಳಿದ ಯಂತ್ರಗಳು ಅದನ್ನು ಕೇಳಿಕೊಂಡು 180 ದಿನಗಳ ಅನುಮತಿ ಪಡೆಯುತ್ತವೆ, ಏಳು ದಿನಕ್ಕೊಮ್ಮೆ ಸರ್ವರನ್ನು ಮತ್ತೆ ಸಂಪರ್ಕಿಸಿ ಆ ಲೆಕ್ಕವನ್ನು ಪುನಃ 180ಕ್ಕೆ ಏರಿಸಿಕೊಳ್ಳುತ್ತವೆ. ಸಾಮಾನ್ಯ ವಿಂಡೋಸ್ ಯಂತ್ರಗಳು ಕನಿಷ್ಠ 25 ಆಗುವವರೆಗೆ ಕೆಎಂಎಸ್ ಸರ್ವರ್ ಅವಕ್ಕೆ ಅನುಮತಿ ಕೊಡುವುದೇ ಇಲ್ಲ. ಅದು ಕೇಳಿಸಿಕೊಳ್ಳುವ ಪೋರ್ಟ್ ಸಂಖ್ಯೆ 1688.

ಈ 25ರ ಸಂಖ್ಯೆ ಸಣ್ಣ ಊರಿನ ಅಂಗಡಿಗೆ ಬಹಳ ಮುಖ್ಯ. ಎರಡೇ ಕಂಪ್ಯೂಟರಿರುವ ಝೆರಾಕ್ಸ್ ಅಂಗಡಿಯೊಂದರಲ್ಲಿ /ಡಿಎಲ್‌ವಿ ಉತ್ತರ ವಾಲ್ಯೂಮ್, ಕೆಎಂಎಸ್ ಕ್ಲೈಂಟ್ ಎಂದು ತೋರಿಸಿದರೆ, ಯಾವ ಕಂಪನಿಯ ಅಥವಾ ವಿದ್ಯಾಸಂಸ್ಥೆಯ ನೆಟ್‌ವರ್ಕಿಗೂ ಅಂಗಡಿ ಸೇರಿಲ್ಲದಿದ್ದರೆ, ಆ ವಿಂಡೋಸ್ ಸರಿಯಾದ ದಾರಿಯಲ್ಲಿ ಬಂದದ್ದಲ್ಲ. ಆಕ್ಟಿವೇಟರ್ ಎಂಬ ಹೆಸರಿನಲ್ಲಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಿದಾಡುವ ಪುಟ್ಟ ಪ್ರೋಗ್ರಾಮುಗಳಲ್ಲಿ ಹಲವು ಮಾಡುವುದು ಇದನ್ನೇ: ಯಂತ್ರದೊಳಗೇ ಒಂದು ಸುಳ್ಳು ಕೆಎಂಎಸ್ ಸರ್ವರನ್ನು ಕೂರಿಸಿ, ವಿಂಡೋಸ್ ಕೇಳಿದಾಗಲೆಲ್ಲ ಹೌದೆನ್ನುವಂತೆ ಮಾಡುತ್ತವೆ. /ಡಿಎಲ್‌ವಿ ಉತ್ತರದಲ್ಲಿ ಕೆಎಂಎಸ್ ಸರ್ವರಿನ ವಿಳಾಸವೂ ಕಾಣುತ್ತದೆ. ಅದು 127ರಿಂದ ಶುರುವಾಗಿದ್ದರೆ ಸರ್ವರ್ ಅದೇ ಡಬ್ಬಿಯೊಳಗಿದೆ ಎಂದರ್ಥ. ಹೆಸರು ಕೇಳದ ಹೊರಗಿನ ವಿಳಾಸವಿದ್ದರೆ ಅಂಗಡಿಯ ಯಂತ್ರ ಯಾರೋ ಅಪರಿಚಿತರ ಸರ್ವರಿನ ಜೊತೆ ನಿಯಮಿತವಾಗಿ ಮಾತಾಡುತ್ತಿದೆ. ಅವಧಿ ಮುಗಿಯದಂತೆ ನೋಡಿಕೊಳ್ಳಲು ಇಂಥವು ನಿಗದಿತ ವೇಳೆಗೆ ತಾವಾಗಿಯೇ ಓಡುವ ಕೆಲಸವೊಂದನ್ನೂ ಹೂಡಿಟ್ಟಿರಬಹುದು. ಎಸ್‌ಸಿಎಚ್‌ಟಾಸ್ಕ್ಸ್ /ಕ್ವೆರಿ ಎಂಬ ಕಮಾಂಡ್ ಅಂಥ ಕೆಲಸಗಳ ಪಟ್ಟಿ ಕೊಡುತ್ತದೆ.

ಇದನ್ನು ಬರಿಯ ಮೈಕ್ರೋಸಾಫ್ಟ್ ಕಂಪನಿಯ ನಷ್ಟವೆಂದು ಬದಿಗೆ ಸರಿಸುವಂತಿಲ್ಲ. ಆಕ್ಟಿವೇಟರ್ ಕೆಲಸ ಮಾಡಬೇಕಾದರೆ ಮೊದಲು ಆಂಟಿವೈರಸ್ ಬಂದ್ ಮಾಡಿ ಎನ್ನುತ್ತದೆ, ಅಡ್ಮಿನಿಸ್ಟ್ರೇಟರ್ ಅಧಿಕಾರ ಕೇಳುತ್ತದೆ. ಆ ಎರಡೂ ಸಿಕ್ಕಮೇಲೆ ಅದು ಯಂತ್ರದಲ್ಲಿ ಏನು ಬೇಕಾದರೂ ಮಾಡಬಲ್ಲದು. ಅದೇ ಯಂತ್ರದಲ್ಲಿ ರೈತರ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಹುಡುಗಿಯ ಅಂಕಪಟ್ಟಿ, ಮೊಬೈಲ್ ನಂಬರ್ ಎಲ್ಲ ಸ್ಕ್ಯಾನ್ ಆಗಿ ಡೆಸ್ಕ್‌ಟಾಪಿನ ಮೇಲೇ ಬಿದ್ದಿರುತ್ತವೆ. ಕೌಂಟರಿನ ಈಚೆ ನಿಂತವರಿಗೆ ಒಳಗಿನ ವಿಂಡೋಸ್ ಎಂಥದ್ದೆಂದು ಕೇಳುವ ಅವಕಾಶವೂ ಇಲ್ಲ, ತಿಳಿಯುವ ದಾರಿಯೂ ಇಲ್ಲ. ಅಂಗಡಿಯವರ ಲೈಸೆನ್ಸ್ ಉಳಿತಾಯದ ಅಪಾಯವನ್ನು ಈ ಗಿರಾಕಿಗಳು ಹೊರಬೇಕಾಗುತ್ತದೆ. ಆನ್‌ಲೈನ್ ಸೆಂಟರ್ ನಡೆಸುವವರು ಬೇರೆಲ್ಲಕ್ಕಿಂತ ಮೊದಲು /ಡಿಎಲ್‌ವಿ ಎಂಬ ಈ ಒಂದು ಕಮಾಂಡ್ ಕೊಟ್ಟು ನೋಡಬೇಕು.

ಕಾನೂನಿನ ಮಾತೂ ಇದೆ. ನಕಲಿ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮನ್ನು ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಅಥವಾ ಲಾಭಕ್ಕೆ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50,000 ರೂಪಾಯಿವರೆಗಿನ ದಂಡ ಮಾತ್ರ ವಿಧಿಸಬಹುದು. ಇನ್ನೊಂದು ಕಡೆ, ಸರಿಯಾಗಿ ಕೊಂಡ ಪ್ರೋಗ್ರಾಮಿಗೆ ಹಾಳಾದರೆ ಇರಲಿ ಎಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳುವ ಹಕ್ಕನ್ನು ಇದೇ ಕಾಯ್ದೆಯ 52ನೇ ಕಲಮು ಕೊಡುತ್ತದೆ.

ಕಮಾಂಡಿನ ಮಾತಿಗೂ ಒಂದು ಮಿತಿಯಿದೆ. ಅದು ಹೇಳುವುದು ಆಕ್ಟಿವೇಷನ್ ಸ್ಥಿತಿಯನ್ನು, ಹಕ್ಕನ್ನಲ್ಲ. ಶಾಶ್ವತವಾಗಿ ಆಕ್ಟಿವೇಟ್ ಆಗಿದೆ ಎಂದು ತೋರಿಸುವಂತೆ ಮಾಡುವ ಮೋಸಗಳೂ ಇವೆ. ಅಂತರ್ಜಾಲದಲ್ಲಿ ಕೆಲವು ನೂರು ರೂಪಾಯಿಗೆ ಮಾರುವ ಕೀಗಳು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳಾಗಿರುವುದುಂಟು. ಇವತ್ತು ಆಕ್ಟಿವೇಟ್ ಆಗಿ, ಕಂಪನಿ ಆ ಕೀಯನ್ನು ತಡೆದ ದಿನ ನಿಲ್ಲುತ್ತವೆ. ಹಾಗಾಗಿ ಕಮಾಂಡಿನ ಉತ್ತರ ಮತ್ತು ಜಿಎಸ್‌ಟಿ ಬಿಲ್ಲು ಎರಡೂ ಒಟ್ಟಿಗಿದ್ದರೆ ಮಾತ್ರ ರುಜುವಾತು ಪೂರ್ತಿ.

ನಕಲಿಯನ್ನು ಬಿಟ್ಟು ಅಸಲಿಗೆ ಬರಲು ಕಮಾಂಡುಗಳೇನೋ ನಾಲ್ಕೇ. /ಯುಪಿಕೆ ಹಳೆಯ ಕೀಯನ್ನು ತೆಗೆಯುತ್ತದೆ, /ಸಿಕೆಎಂಎಸ್ ಕೆಎಂಎಸ್ ಸರ್ವರಿನ ವಿಳಾಸವನ್ನು ಅಳಿಸುತ್ತದೆ, /ಐಪಿಕೆ ಹೊಸ ಕೀಯನ್ನು ಸೇರಿಸುತ್ತದೆ, /ಎಟಿಒ ಆಕ್ಟಿವೇಟ್ ಮಾಡುತ್ತದೆ. ಆದರೆ ಆಕ್ಟಿವೇಟರ್ ಓಡಿದ ಯಂತ್ರದಲ್ಲಿ ಇಷ್ಟಕ್ಕೇ ನಿಲ್ಲಿಸಬಾರದು. ಅದು ಹಿಂದೆ ಬಿಟ್ಟುಹೋದದ್ದು ಏನೆಂದು ಯಾರೂ ಖಾತರಿ ಕೊಡಲಾರರು. ಕಡತಗಳನ್ನು ಬೇರೆಡೆ ತೆಗೆದಿಟ್ಟು, ಡಿಸ್ಕ್ ಪೂರ್ತಿ ಅಳಿಸಿ, ಕಂಪನಿಯ ತಾಣದಿಂದಲೇ ಇಳಿಸಿಕೊಂಡ ವಿಂಡೋಸನ್ನು ಹೊಸದಾಗಿ ಹಾಕುವುದೇ ಸರಿ. ಅದಕ್ಕೆ ಮೊದಲು ಒಂದು ಸಂಗತಿ ನೋಡಿಕೊಳ್ಳಬೇಕು. ವಿಂಡೋಸ್ 8ರ ಕಾಲದಿಂದೀಚೆಗೆ ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪ್ ಮತ್ತು ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ಅಸಲಿ ಕೀ ಮದರ್‌ಬೋರ್ಡಿನ ಬಯಾಸ್‌ನಲ್ಲೇ ಬರೆದಿರುತ್ತದೆ. ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟೆನ್ಸ್ ಕಮಾಂಡಿನಿಂದ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಎಂಬ ವಿಭಾಗವನ್ನು ತೆರೆದು, ಅದರಲ್ಲಿ ಒಎ3ಎಕ್ಸ್ ಎಂದು ಶುರುವಾಗುವ ಕೀ ಅಂಕಣ ನೋಡಿದರೆ ಅದು ಪೂರ್ತಿಯಾಗಿ ಸಿಗುತ್ತದೆ. ಅಸಲಿ ಲೈಸೆನ್ಸ್ ಬಯಾಸ್‌ನಲ್ಲಿ ಸುಮ್ಮನೆ ಕೂತಿರುವಾಗ ಮೇಲೆ ನಕಲಿ ವಿಂಡೋಸ್ ಓಡುತ್ತಿರುವ ಯಂತ್ರಗಳೂ ಇರುತ್ತವೆ. ಅವುಗಳ ಮಾಲೀಕರು ಹೊಸದಾಗಿ ಒಂದು ಪೈಸೆಯನ್ನೂ ಖರ್ಚು ಮಾಡಬೇಕಾಗಿಲ್ಲ, ಬಯಾಸ್‌ನ ಕೀಗೆ ಹೊಂದುವ ಆವೃತ್ತಿಯನ್ನು ಮತ್ತೆ ಹಾಕಿಕೊಂಡರಾಯಿತು.

ಇಂಟರ್ನೆಟ್ ಇಲ್ಲದ ಕಡೆಗೂ ದಾರಿಯಿದೆ. /ಡಿಟಿಐ ಎಂಬ ಸೂಚನೆ ಇನ್‌ಸ್ಟಾಲೇಶನ್ ಐಡಿ ಎಂಬ ಉದ್ದನೆಯ ಅಂಕಿಸಾಲು ಕೊಡುತ್ತದೆ. ಅದನ್ನು ಕಂಪನಿಯ ಆಕ್ಟಿವೇಷನ್ ಸೇವೆಗೆ ಒಪ್ಪಿಸಿದರೆ ದೃಢೀಕರಣದ ಇನ್ನೊಂದು ಅಂಕಿಸಾಲು ಬರುತ್ತದೆ. /ಎಟಿಪಿ ಜೊತೆ ಅದನ್ನು ಟೈಪ್ ಮಾಡಿದರೆ ಕೆಲಸ ಮುಗಿಯಿತು. ಎಂಎಸ್ ಆಫೀಸಿಗೆ ಇಂಥದ್ದೇ ಬೇರೆ ಸಾಧನ ಒಎಸ್‌ಪಿಪಿ. ಅದರ /ಡಿಸ್ಟೇಟಸ್ ಸೂಚನೆ ಆಫೀಸಿನ ಲೈಸೆನ್ಸ್ ಸ್ಥಿತಿಯನ್ನು ತೋರಿಸುತ್ತದೆ. ವಿಂಡೋಸ್ ಸರಿಯಿದ್ದು ಆಫೀಸ್ ನಕಲಿಯಾಗಿರುವುದು, ಅಥವಾ ಹಿಂದುಮುಂದಾಗಿರುವುದು ಸಾಧ್ಯವಿರುವುದರಿಂದ ಎರಡನ್ನೂ ಬೇರೆಬೇರೆಯಾಗಿಯೇ ಕೇಳಬೇಕು.

ಯಂತ್ರ ಮಾರುವಾಗ, ಗುಜರಿಗೆ ಹಾಕುವಾಗ ಕೀ ತೆಗೆಯುವುದು ಮರೆತುಹೋಗುವ ಕೆಲಸ. ರಿಟೇಲ್ ಲೈಸೆನ್ಸಾಗಿದ್ದರೆ /ಯುಪಿಕೆ ಕೊಟ್ಟು ಯಂತ್ರದಿಂದ ಬಿಡಿಸಿ, /ಸಿಪಿಕೆವೈ ಕೊಟ್ಟು ರಿಜಿಸ್ಟ್ರಿಯಲ್ಲಿ ಉಳಿದ ಕೀಯ ಗುರುತನ್ನೂ ಅಳಿಸಿ ಹೊಸ ಯಂತ್ರಕ್ಕೆ ಒಯ್ಯಬೇಕು.

ಎಲ್ಲ ಲೈಸೆನ್ಸೂ ಕಮಾಂಡಿಗೆ ಬಗ್ಗುವುದಿಲ್ಲ. ಬೆಂಗಳೂರಿನ ಕಂಪನಿಯೊಂದು 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾಗಿ ಬೆಳೆಸಿದ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಗಂಗಾವತಿಯಂಥ ವ್ಯಾಪಾರದ ಊರಿಗೆ ಚಿರಪರಿಚಿತ. ಅದರ ಹಳೆಯ ಆವೃತ್ತಿಗಳಿಗೂ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಬರೆಯಲು ಬಳಸುವ ಶ್ರೀಲಿಪಿಗೂ ಡಾಂಗಲ್ ಎಂಬ ಬೀಗವಿತ್ತು. ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಆ ಚಿಕ್ಕ ತುಂಡೇ ಲೈಸೆನ್ಸ್. ಕಳೆದರೆ ಸಾಫ್ಟ್‌ವೇರೇ ಕಳೆದಂತೆ. ಈಗಿನ ಟ್ಯಾಲಿಯಲ್ಲಿ ಆಕ್ಟಿವೇಟ್ ಮಾಡುವುದು, ಬೇರೆ ಯಂತ್ರಕ್ಕೆ ಒಯ್ಯುವ ಮುನ್ನ ಸರೆಂಡರ್ ಮಾಡುವುದು ಎಲ್ಲವೂ ಅದರ ಪರದೆಯೊಳಗೇ ನಡೆಯುತ್ತದೆ. ಒಬ್ಬರೇ ಬಳಸುವ ಲೈಸೆನ್ಸ್ ಸಿಲ್ವರ್, ಮಿಲ್ಲಿನ ಗುಮಾಸ್ತರೂ ಮಾಲೀಕರೂ ಬೇರೆಬೇರೆ ಯಂತ್ರಗಳಲ್ಲಿ ಒಟ್ಟಿಗೆ ಬಳಸುವುದಾದರೆ ಗೋಲ್ಡ್. ಗೋಲ್ಡ್ ಇರುವಲ್ಲಿ ಒಂದು ಯಂತ್ರ ಲೈಸೆನ್ಸ್ ಸರ್ವರ್ ಆಗಿ ಉಳಿದವಕ್ಕೆ ಅನುಮತಿ ಹಂಚುತ್ತದೆ, ಸಾಮಾನ್ಯವಾಗಿ 9999 ಸಂಖ್ಯೆಯ ಪೋರ್ಟಿನಲ್ಲಿ. ಎರಡನೆಯ ಯಂತ್ರದಲ್ಲಿ ಟ್ಯಾಲಿ ಇದ್ದಕ್ಕಿದ್ದಂತೆ, ಲೈಸೆನ್ಸ್ ಸಿಗದಾಗ ಬರುವ ಎಜುಕೇಶನಲ್ ಮೋಡ್‌ಗೆ ಇಳಿದರೆ ಲೈಸೆನ್ಸ್ ಕೆಟ್ಟಿದೆ ಎಂದು ಗಾಬರಿಯಾಗುವ ಮುನ್ನ ಮೊದಲ ಯಂತ್ರದಲ್ಲಿ ನೆಟ್‌ಸ್ಟ್ಯಾಟ್ -ಎಎನ್‌ಒ ಕೊಟ್ಟು 9999 ಕೇಳಿಸಿಕೊಳ್ಳುತ್ತಿದೆಯೇ ನೋಡುವುದು ಒಳ್ಳೆಯದು. ಲೈಸೆನ್ಸ್ ಹಾಗೇ ಇದ್ದು ಫೈರ್‌ವಾಲ್ ಅಡ್ಡ ನಿಂತಿರುವುದೂ ಉಂಟು.

ಹೀಗೆ ಒಂದೆಡೆ ಇಟ್ಟು ಹಂಚುವ ಲೈಸೆನ್ಸ್ ಇಂಜಿನಿಯರಿಂಗ್ ಸಾಫ್ಟ್‌ವೇರುಗಳಲ್ಲಿ ಬಹಳ ಹಳೆಯ ಪದ್ಧತಿ. ಮ್ಯಾಟ್‌ಲ್ಯಾಬಿನಂಥ ತಂತ್ರಾಂಶಗಳು ಫ್ಲೆಕ್ಸ್‌ಎಲ್‌ಎಂ ಎಂಬ ವ್ಯವಸ್ಥೆಯನ್ನು ಬಳಸುತ್ತವೆ. ಎಲ್‌ಎಂಸ್ಟ್ಯಾಟ್ -ಎ ಎಂದರೆ ಒಟ್ಟು ಎಷ್ಟು ಲೈಸೆನ್ಸ್ ಇವೆ, ಈ ಕ್ಷಣ ಎಷ್ಟು ಬಳಕೆಯಲ್ಲಿವೆ, ಯಾವ ಯಂತ್ರದಲ್ಲಿ ಯಾರ ಹೆಸರಿನಲ್ಲಿ ಎಂಬುದನ್ನು ಅದು ಸಾಲಾಗಿ ಹೇಳುತ್ತದೆ. ಎಲ್‌ಎಂಹೋಸ್ಟ್‌ಐಡಿ ಸರ್ವರಿನ ಗುರುತು ಕೊಡುತ್ತದೆ, ಎಲ್‌ಎಂರೀರೀಡ್ ಬದಲಾದ ಲೈಸೆನ್ಸ್ ಕಡತವನ್ನು ಸರ್ವರ್ ನಿಲ್ಲಿಸದೆ ಮತ್ತೆ ಓದಿಸುತ್ತದೆ. ಕೊಪ್ಪಳ ಜಿಲ್ಲೆಯ ತಳಕಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂಥ ಗ್ರಾಮೀಣ ಕ್ಯಾಂಪಸ್ಸುಗಳಲ್ಲಿ ಓದಿದವರು ಮುಂದೆ ವಿನ್ಯಾಸದ ಅಥವಾ ಚಿಪ್ ತಯಾರಿಕೆಯ ಕಂಪನಿ ಸೇರಿದಾಗ ಎದುರಾಗುವ ಮೊದಲ ಕಮಾಂಡುಗಳಲ್ಲಿ ಇವೂ ಸೇರಿರಬಹುದು.

ಇದುವರೆಗಿನದೆಲ್ಲ ಕೀ ಕೇಳುವ ಲೋಕ. ಲಿನಕ್ಸಿನಲ್ಲಿ ಹೆಚ್ಚಿನ ಮಟ್ಟಿಗೆ ಕೀಯೇ ಇಲ್ಲ, ಆದರೆ ಲೈಸೆನ್ಸ್ ಇದೆ. ಅದು ತೆರೆದಿಟ್ಟ ಪಠ್ಯ, ಓದಲಿಕ್ಕಾಗಿಯೇ ಇರುವುದು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪ್ರತಿ ಪ್ಯಾಕೇಜಿನ ಲೈಸೆನ್ಸ್ ಪಠ್ಯವೂ ಯುಎಸ್‌ಆರ್, ಶೇರ್, ಡಾಕ್ ಎಂಬ ಫೋಲ್ಡರುಗಳ ಒಳಗೆ ಆ ಪ್ಯಾಕೇಜಿನ ಹೆಸರಿನಡಿ ಕಾಪಿರೈಟ್ ಎಂಬ ಕಡತದಲ್ಲಿರುತ್ತದೆ. ಕ್ಯಾಟ್ ಅಥವಾ ಲೆಸ್ ಕಮಾಂಡಿನಿಂದ ಓದಬಹುದು. ಡೆಬಿಯನ್‌ನಲ್ಲಿ ಯಂತ್ರದಲ್ಲಿರುವ ಮುಕ್ತವಲ್ಲದ ಪ್ಯಾಕೇಜುಗಳನ್ನಷ್ಟೇ ಎಣಿಸಿ ಕೊಡುವ ಪ್ರೋಗ್ರಾಮೂ ಇದೆ; ಹಿಂದೆ ವಿಆರ್‌ಎಂಎಸ್ ಎನ್ನುತ್ತಿದ್ದ ಅದರ ಈಗಿನ ಹೆಸರು ಚೆಕ್-ಡಿಎಫ್‌ಎಸ್‌ಜಿ-ಸ್ಟೇಟಸ್. ಹಳೆಯ ಹೆಸರಿನ ಆರ್‌ಎಂಎಸ್ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಅವರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ರೆಡ್ ಹ್ಯಾಟಿನಂಥ ಕಂಪನಿಗಳ ಲಿನಕ್ಸಿನಲ್ಲಿ ಮಾತ್ರ ಚಂದಾ ಪದ್ಧತಿಯಿದ್ದು, ಸಬ್‌ಸ್ಕ್ರಿಪ್ಶನ್-ಮ್ಯಾನೇಜರ್ ಕಮಾಂಡಿನಿಂದ ಯಂತ್ರವನ್ನು ನೋಂದಾಯಿಸುವುದು, ಸ್ಥಿತಿ ನೋಡುವುದು, ಬಿಡುವಾಗ ನೋಂದಣಿ ರದ್ದು ಮಾಡುವುದು ನಡೆಯುತ್ತದೆ. ಉಬುಂಟುವಿನ ಪ್ರೋ ಸೇವೆಗೆ ಪ್ರೋ ಸ್ಟೇಟಸ್. ಸ್ವಂತ ಬಳಕೆಯ ಐದು ಯಂತ್ರಗಳವರೆಗೆ ಅದು ಉಚಿತ.

ಮತ್ತೆ ವಿಂಡೋಸಿಗೆ ಬಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲೈಸೆನ್ಸ್ ಊರ್ಜಿತವಾಗಿಯೇ ಇರುತ್ತದೆ, /ಎಕ್ಸ್‌ಪಿಆರ್ ಶಾಶ್ವತವೆಂದೇ ಹೇಳುತ್ತದೆ, ಆದರೆ ವಿಸ್ತರಿತ ಸೇವೆಗೆ ಸೇರದ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಟಿಪಿಎಂ 2.0 ಇಲ್ಲದ ಹಳೆಯ ಯಂತ್ರ ವಿಂಡೋಸ್ 11ರ ಅರ್ಹತೆಗೆ ನಿಲ್ಲುವುದಿಲ್ಲ. ಇಂಥ ಯಂತ್ರವನ್ನು ನಕಲಿ ದಾರಿಯಲ್ಲಿ ಎಳೆದಾಡುವುದಕ್ಕಿಂತ ಲಿನಕ್ಸಿಗೆ ಒಪ್ಪಿಸುವುದು ಎಷ್ಟೋ ಮೇಲು. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಕೆ ನಡೆದಿದೆ. ಆ ಏರ್ಪಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅನ್ವಯಿಸುತ್ತದೆ.

ಕನ್ನಡದ ಕೆಲಸ ಮಾಡುವವರು ಲೈಸೆನ್ಸ್ ನೋಡಲೇಬೇಕಾದ ಇನ್ನೊಂದು ಜಾಗ ಫಾಂಟ್. ಫಾಂಟೂ ಒಂದು ಸಾಫ್ಟ್‌ವೇರ್. ಪರದೆಯ ಮೇಲೆ ಬಳಸಲು, ಮುದ್ರಿಸಲು, ಪಿಡಿಎಫ್‌ನಲ್ಲಿ ಸೇರಿಸಲು ಬೇರೆಬೇರೆ ಅನುಮತಿಗಳಿರಬಹುದು. ಲಿನಕ್ಸಿನಲ್ಲಿ ಎಫ್‌ಸಿ-ಲಿಸ್ಟ್ ಕಮಾಂಡಿಗೆ ಭಾಷೆ ಕೆಎನ್ ಎಂದು ಸೂಚಿಸಿದರೆ ಯಂತ್ರದಲ್ಲಿ ಕನ್ನಡ ಬರೆಯಬಲ್ಲ ಎಲ್ಲ ಫಾಂಟುಗಳೂ ಪಟ್ಟಿಯಾಗುತ್ತವೆ. ಒಟಿಎಫ್‌ಇನ್ಫೋ -ಐ ಎಂಬ ಕಮಾಂಡ್ ಫಾಂಟ್ ಕಡತದ ಒಳಗೆ ಬರೆದಿಟ್ಟ ಹೆಸರು, ಹಕ್ಕುದಾರರು, ಲೈಸೆನ್ಸ್ ವಿವರಗಳನ್ನು ಹೊರತೆಗೆಯುತ್ತದೆ. ಲೋಹಿತ್ ಕನ್ನಡ ಮತ್ತು ನೋಟೋ ಫಾಂಟುಗಳಲ್ಲಿ ಅಲ್ಲಿ ಕಾಣುವುದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಅದರಂತೆ ಫಾಂಟನ್ನು ಉಚಿತವಾಗಿ ಬಳಸಬಹುದು, ಪುಸ್ತಕ ಅಚ್ಚು ಹಾಕಿ ಮಾರಬಹುದು, ಫಾಂಟನ್ನೇ ತಿದ್ದಿ ಹಂಚಬಹುದು; ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ, ತಿದ್ದಿದ್ದನ್ನು ಬೇರೆ ಲೈಸೆನ್ಸಿನಡಿ ತರುವಂತಿಲ್ಲ. ಕುಷ್ಟಗಿಯ ಡಿಟಿಪಿ ಅಂಗಡಿಯೊಂದು ಸಂಘದ ಸ್ಮರಣ ಸಂಚಿಕೆಯನ್ನು ಇಂಥ ಫಾಂಟಿನಲ್ಲಿ ಮಾಡಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಪ್ರೋಗ್ರಾಮ್ ಬರೆಯುವವರ ಹೊಣೆ ಇನ್ನೂ ಒಂದು ಹೆಜ್ಜೆ ಹೆಚ್ಚಿನದು, ಏಕೆಂದರೆ ಅವರ ಪ್ರೋಗ್ರಾಮಿನೊಳಗೆ ಬೇರೆಯವರ ನೂರಾರು ತುಣುಕುಗಳು ಸೇರಿರುತ್ತವೆ. ಪೈಥಾನಿನಲ್ಲಿ ಪಿಪ್-ಲೈಸೆನ್ಸಸ್, ಜಾವಾಸ್ಕ್ರಿಪ್ಟಿನಲ್ಲಿ ಲೈಸೆನ್ಸ್-ಚೆಕರ್ ಅವುಗಳ ಪಟ್ಟಿ ಮಾಡಿಕೊಡುತ್ತವೆ. ಎಂಐಟಿ ಲೈಸೆನ್ಸಿನ ತುಣುಕಾದರೆ ಮೂಲ ಕರ್ತೃವಿನ ಹಕ್ಕಿನ ಸೂಚನೆಯನ್ನೂ ಲೈಸೆನ್ಸಿನ ಪಠ್ಯವನ್ನೂ ಉಳಿಸಿದರೆ ಸಾಕು. ಜಿಪಿಎಲ್ ತುಣುಕು ಸೇರಿದ್ದರೆ, ಪ್ರೋಗ್ರಾಮನ್ನು ಹೊರಗೆ ಹಂಚುವಾಗ ತಮ್ಮ ಮೂಲ ಕೋಡನ್ನೂ ಅದೇ ಲೈಸೆನ್ಸಿನಡಿ ಕೊಡಬೇಕಾಗುತ್ತದೆ. ರಿಯೂಸ್ ಲಿಂಟ್ ಎಂಬ ಕಮಾಂಡ್ ಪ್ರತಿ ಕಡತಕ್ಕೂ ಲೈಸೆನ್ಸ್ ಗುರುತು ಇದೆಯೇ ಎಂದು ತಪಾಸಣೆ ಮಾಡುತ್ತದೆ.

ಇವನ್ನೆಲ್ಲ ನೆನಪಿನಲ್ಲಿಡುವ ಅಗತ್ಯವಿಲ್ಲ. ಬೇಕಾದ ಎರಡು ಮೂರು ಕಮಾಂಡುಗಳನ್ನು ನೋಟ್‌ಪ್ಯಾಡಿನಲ್ಲಿ ಸಿಸ್ಕ್ರಿಪ್ಟ್ ಸಮೇತ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಕೊನೆಗೂ ‘ಹೆಚ್ಚು’ ಚಿಹ್ನೆಯನ್ನು ಎರಡು ಸಲ ಹಾಕಿ ಒಂದೇ ಕಡತದ ಹೆಸರು ಕೊಟ್ಟು, ಬ್ಯಾಚ್ ಕಡತವಾಗಿ ಉಳಿಸಿದರೆ, ಮುಂದಿನ ಸಲ ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸಿದಷ್ಟಕ್ಕೇ ಎಲ್ಲ ಉತ್ತರಗಳೂ ಒಂದು ಕಡತಕ್ಕೆ ಬಂದು ಸೇರುತ್ತವೆ. ಎಸ್‌ಎಲ್‌ಎಂಜಿಆರ್ ಬರೆದಿರುವುದು ವಿಬಿಸ್ಕ್ರಿಪ್ಟ್ ಎಂಬ ಹಳೆಯ ಭಾಷೆಯಲ್ಲಿ. ಅದನ್ನು ವಿಂಡೋಸಿನಿಂದ ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2024ರಲ್ಲಿ ತಿಳಿಸಿದೆ. ಹೊಸದಾಗಿ ಇಂಥ ಕಡತ ಬರೆದುಕೊಳ್ಳುವವರು ಪವರ್‌ಶೆಲ್ ಬಳಸುವುದು ಒಳಿತು. ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಪ್ರಾಡಕ್ಟ್ ಎಂಬ ವಿಭಾಗವನ್ನು ಗೆಟ್-ಸಿಮ್‌ಇನ್‌ಸ್ಟೆನ್ಸ್‌ನಿಂದ ಕೇಳಿದರೆ ಇದೇ ವಿವರ ಸಿಗುತ್ತದೆ, ಅಲ್ಲಿ ಲೈಸೆನ್ಸ್ ಸ್ಥಿತಿ 1 ಎಂದಿದ್ದರೆ ಆಕ್ಟಿವೇಟ್ ಆಗಿದೆ ಎಂದರ್ಥ. ಬಂದ ಕಡತವನ್ನು ಮುದ್ರಿಸಿ, ಯಂತ್ರದ ಬಿಲ್ಲು ಮತ್ತು ಸಾಫ್ಟ್‌ವೇರಿನ ಬಿಲ್ಲುಗಳ ಜೊತೆ ಒಂದೇ ಫೈಲಿನಲ್ಲಿಟ್ಟು, ವರ್ಷಕ್ಕೊಮ್ಮೆ, ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ, ಹೊಸದಾಗಿ ತೆಗೆದ ಪ್ರತಿಯೊಂದಿಗೆ ತಾಳೆ ನೋಡಬೇಕು.